ಹಲ್ಲಿಗೆ ಕೇಳಿಸುವ ಸ್ವರ

ಮಡಿವಂತರು ಕ್ಲಾರಿನೆಟ್ ಮೌತ್‌ಪೀಸ್ ಕೊಳ್ಳಲು ಹೊರಟರೆ ಮೊದಲ ತೊಡಕು ಎಂಜಲಿನದು. ವಾದ್ಯದ ಬಾಯಿಗಿಡುವ ತುದಿ ಅದು, ಊದದೆ ಆರಿಸುವ ಹಾಗಿಲ್ಲ. ನಮಗಿಂತ ಮೊದಲು ಯಾರೂ ಊದಿಲ್ಲ ಎಂದು ನಂಬುವ ಹಾಗೂ ಇಲ್ಲ. ಅಂಗಡಿಯವರು ಸ್ಪಿರಿಟ್ ಹತ್ತಿಯಲ್ಲಿ ಒರೆಸಿ ಕೊಡುತ್ತಾರೆ. ಆ ವಾಸನೆಗೆ ಇಂಜೆಕ್ಷನ್ ನೆನಪಾಗುತ್ತದೆಯೇ ಹೊರತು ಸಂಗೀತವಲ್ಲ. ಮನೆಗೆ ತಂದು ಬಿಸಿನೀರಲ್ಲಿ ತೊಳೆದುಬಿಡೋಣ ಎಂದರೆ ಅದೂ ಆಗದು. ಒಳ್ಳೆಯ ಮೌತ್‌ಪೀಸ್ ಎಬೊನೈಟ್‌ನದು, ಅಂದರೆ ರಬ್ಬರಿಗೆ ಗಂಧಕ ಸೇರಿಸಿ ಬೇಯಿಸಿ ಗಟ್ಟಿ ಮಾಡಿದ್ದು. ಬಿಸಿನೀರು ತಾಗಿದರೆ ಕಪ್ಪು ಬಣ್ಣ ಹೋಗಿ ಹಸಿರು ಹಸಿರಾಗುತ್ತದೆ, ಗಂಧಕದ ನಾತ ಮೂಗಿಗೇ ಬಡಿಯುತ್ತದೆ. ನಾಗಸ್ವರದವರು ಈ ವಿಷಯದಲ್ಲಿ ಪುಣ್ಯವಂತರು. ಅವರ ಸೀವಾಳಿಗಳು, ಅಂದರೆ ಊದುವ ಪೀಪಿಗಳು, ವಾದ್ಯಕ್ಕೇ ದಾರದಲ್ಲಿ ನೇತಾಡುತ್ತಿರುತ್ತವೆ. ಒಂದು ಕೈಕೊಟ್ಟರೆ ಇನ್ನೊಂದು.

ಎಂಜಲಿನ ಚಿಂತೆ ಬಿಟ್ಟವರಿಗೆ ನಂಬರುಗಳ ಚಿಂತೆ ಶುರು. ಕ್ಲಾರಿನೆಟ್‌ನಲ್ಲಿ ನುಡಿಯುವುದು ರೀಡ್, ಅಂದರೆ ಜೊಂಡಿನಿಂದ ಸೀಳಿ ಹೆರೆದ ತೆಳು ಪಟ್ಟಿ. ಆ ರೀಡಿನ ತುದಿಗೂ ಮೌತ್‌ಪೀಸಿನ ತುದಿಗೂ ನಡುವೆ ಸುಮಾರು ಒಂದು ಮಿಲಿಮೀಟರ್ ಸಂದು ಇರುತ್ತದೆ. ತಕರಾರೆಲ್ಲ ಆ ಸಂದಿನದು. ಫ್ರಾನ್ಸಿನ ವ್ಯಾಂಡೊರೆನ್ ಕಂಪನಿ 1905ರಲ್ಲಿ ರೀಡ್ ಮಾಡಲು ಶುರುಮಾಡಿದ್ದು, ಈಗ ಅವರ ಮೌತ್‌ಪೀಸುಗಳು ಎಲ್ಲ ಕಡೆ ಸಿಗುತ್ತವೆ. ಅವರ 5ಆರ್‌ವಿ ಮಾದರಿಯಲ್ಲಿ ಸಂದು 1.065 ಮಿ.ಮೀ., ಬಿ45ರಲ್ಲಿ 1.195 ಮಿ.ಮೀ. ವ್ಯತ್ಯಾಸ 0.13 ಮಿ.ಮೀ., ಜೆರಾಕ್ಸ್ ಹಾಳೆಗಿಂತ ಒಂದು ಚೂರು ಜಾಸ್ತಿ ದಪ್ಪ. ಕಣ್ಣಿಗೆ ಎರಡೂ ಒಂದೇ. ತುಟಿಗೆ ಮಾತ್ರ ಮೊದಲ ಉಸಿರಿಗೇ ಗೊತ್ತಾಗುತ್ತದೆ.

ಹಾಗಾದರೆ ಎರಡನ್ನೂ ಊದಿ ನೋಡಿದರಾಯಿತು ಅಲ್ವಾ? ಅಲ್ಲೇ ಇರುವುದು ಗೋಜಲು. ಸಂದು ಕಿರಿದಾದರೆ ಗಟ್ಟಿ ರೀಡ್ ಬೇಕು, ಅಗಲವಾದರೆ ಮೆತ್ತನೆಯದು. ಕಿರಿದಕ್ಕೆ ಒಗ್ಗಿದ ಮೂರೂವರೆ ನಂಬರಿನ ಗಟ್ಟಿ ರೀಡನ್ನು ಬಿ45ಕ್ಕೆ ಕಟ್ಟಿದರೆ ಸ್ವರಕ್ಕಿಂತ ಗಾಳಿಯೇ ಜಾಸ್ತಿ ಕೇಳುತ್ತದೆ. ಅದು ಮೌತ್‌ಪೀಸಿನ ತಪ್ಪಲ್ಲ. ಇನ್ನು ಪ್ರತಿಯೊಂದಕ್ಕೂ ಬೇರೆ ರೀಡ್ ಹಾಕಿದರೆ, ನಾವು ಮೆಚ್ಚಿದ್ದು ರೀಡನ್ನೋ ಮೌತ್‌ಪೀಸನ್ನೋ ಹೇಳುವವರು ಯಾರು? ಮೇಲಾಗಿ ಎಂಜಲಲ್ಲಿ ನೆನೆದಂತೆ ರೀಡೇ ಬದಲಾಗುತ್ತಾ ಹೋಗುತ್ತದೆ. ಹತ್ತು ನಿಮಿಷದ ಹಿಂದೆ ಕೀಚ್ ಎಂದು ಕಿರುಚಿದ್ದು ಈಗ ಸಾಧುವಾಗಿರುತ್ತದೆ.

ಇದನ್ನೂ ದಾಟಬಹುದು. ನನಗೆ ದಾಟಲಾಗದ್ದು ಹಲ್ಲಿನ ಸಮಸ್ಯೆ. ಕ್ಲಾರಿನೆಟ್ ಊದುವಾಗ ಮೇಲಿನ ಹಲ್ಲು ಮೌತ್‌ಪೀಸಿನ ಮೇಲೇ ಕೂತಿರುತ್ತದೆ. ಎಬೊನೈಟ್‌ನ ಕಂಪನ ಹಲ್ಲಿಗೆ, ಹಲ್ಲಿನಿಂದ ದವಡೆಗೆ, ಅಲ್ಲಿಂದ ನೇರ ಒಳಗಿವಿಗೆ. ಹೀಗಾಗಿ ಊದುವವನಿಗೆ ಕೇಳುವುದು ಒಂದು, ಎದುರು ಕೂತವರಿಗೆ ಕೇಳುವುದು ಇನ್ನೊಂದು. ನಂಬದಿದ್ದರೆ ಒಂದು ಪರೀಕ್ಷೆ ಮಾಡಿ. ಹಲ್ಲು ಜಾರದಿರಲೆಂದು ಮೌತ್‌ಪೀಸ್ ಮೇಲೆ ಅಂಟಿಸುವ ಸಣ್ಣ ರಬ್ಬರ್ ತುಂಡು ಬರುತ್ತದೆ. ಅದನ್ನು ಅಂಟಿಸಿ ಊದಿದರೆ ನಿಮಗೆ ನಾದ ಮಂಕಾದಂತೆ ಅನಿಸುತ್ತದೆ. ಪಕ್ಕದವರನ್ನು ಕೇಳಿ, ಏನೂ ಬದಲಾಗಿಲ್ಲ ಎನ್ನುತ್ತಾರೆ. ಅಂಗಡಿಯಲ್ಲಿ ಕಣ್ಣು ಮುಚ್ಚಿ 'ಆಹಾ, ಎಂಥ ತುಂಬು ನಾದ!' ಎಂದು ತಲೆದೂಗುವವರು ಮೆಚ್ಚುತ್ತಿರುವುದರಲ್ಲಿ ಅರ್ಧ ಅವರ ದವಡೆಯನ್ನೇ.

ಅದಕ್ಕೇ ಒಬ್ಬ ಗೆಳೆಯನನ್ನು ಕರೆದುಕೊಂಡು ಹೋಗಿ, ಅಂಗಡಿಯ ಆ ತುದಿಯಲ್ಲಿ ಬೆನ್ನು ತಿರುಗಿಸಿ ನಿಲ್ಲಿಸಿದೆ. ಯಾವುದು ಯಾವುದೆಂದು ಹೇಳದೆ ಅದಲು ಬದಲು ಮಾಡಿ ಊದಿದೆ. ನನಗೆ ಸೊರಗಿದಂತೆ ಕೇಳಿದ 5ಆರ್‌ವಿಯೇ ಅವನಿಗೆ ಪ್ರತಿ ಸಲವೂ ಹಿಡಿಸಿತು. 'ಇದು ಶುದ್ಧವಾಗಿ ಇಲ್ಲಿಯವರೆಗೂ ಬರ್ತಿದೆ, ಇನ್ನೊಂದು ಅಲ್ಲೇ ಸುತ್ತುತ್ತಿದೆ' ಎಂದ. ಮನಸ್ಸಿಗೆ ಕಸಿವಿಸಿಯಾಯಿತು, ಸುಳ್ಳು ಯಾಕೆ ಹೇಳಲಿ.

ಅಂಗಡಿಯವರು ಈ ನಡುವೆ ಚಿನ್ನದ ಲೇಪದ ಲಿಗೇಚರ್ ತೋರಿಸತೊಡಗಿದ್ದರು. ರೀಡನ್ನು ಮೌತ್‌ಪೀಸಿಗೆ ಬಿಗಿಯುವ ಪಟ್ಟಿ ಅದು. 1700ರ ಸುಮಾರಿಗೆ ನ್ಯೂರೆಂಬರ್ಗ್‌ನಲ್ಲಿ ಡೆನ್ನರ್ ಕ್ಲಾರಿನೆಟ್ ಮಾಡಿದ ಕಾಲದಲ್ಲಿ ರೀಡನ್ನು ದಾರದಲ್ಲೇ ಸುತ್ತಿ ಕಟ್ಟುತ್ತಿದ್ದರು. ಜರ್ಮನಿಯಲ್ಲಿ ಈಗಲೂ ಹಾಗೆ ಕಟ್ಟುವವರಿದ್ದಾರೆ. ಚಿನ್ನ ಒಳಗಿಡಿ ಎಂದೆ.

ಗೆಳೆಯನ ಮಾತು ಕೇಳಿ 5ಆರ್‌ವಿ ತರಬೇಕಿತ್ತು. ಆದರೆ ಅವನಿಗೆ ಕೇಳಿಸಿದ್ದು ನಿಂತ ಸ್ವರಗಳು. ನಾನು ಊದುವುದು ಭಾವಗೀತೆ, ಪುರುಸೊತ್ತಿದ್ದರೆ ಒಂದಿಷ್ಟು ಯಮನ್ ರಾಗ. ಅಲ್ಲಿ ಸ್ವರ ನಿಲ್ಲುವುದೇ ಕಡಿಮೆ, ಜಾರಬೇಕು. ರಾಯಚೂರಿನ ನರಸಿಂಹಲು ವಡವಾಟಿಯವರು ಇಷ್ಟೊಂದು ಕೀಲಿಗಳ ವಾದ್ಯದಲ್ಲಿ ಹಿಂದೂಸ್ತಾನಿ ನುಡಿಸುವುದನ್ನು ಕೇಳಿದವರಿಗೆ ಗೊತ್ತು, ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದು, ಬಂದರೆ ಉಳಿದದ್ದೆಲ್ಲ ಆಮೇಲೆ. ಬೆರಳನ್ನು ರಂಧ್ರದಿಂದ ಓರೆಯಾಗಿ ಸರಿಸುತ್ತಾ, ಕೆಳತುಟಿಯ ಹಿಡಿತ ಸಡಿಲಿಸುತ್ತಾ ಸ್ವರವನ್ನು ಬಗ್ಗಿಸಬೇಕು. ಸಂದು ಅಗಲವಿದ್ದಷ್ಟೂ ತುಟಿಗೆ ಆಡಲು ಜಾಗ.

ಮತ್ತೊಮ್ಮೆ ಬಿ45 ಹಾಕಿ, ಈ ಸಲ ನಾದದ ಗೊಡವೆಗೇ ಹೋಗದೆ, ಪಂಚಮದಿಂದ ತೀವ್ರ ಮಧ್ಯಮಕ್ಕೆ ನಿಧಾನವಾಗಿ ಇಳಿದೆ. ನುಣ್ಣಗೆ ಜಾರಿತು. 5ಆರ್‌ವಿಯಲ್ಲಿ ಅದೇ ಜಾಗದಲ್ಲಿ ಒಂದು ಸಣ್ಣ ಮೆಟ್ಟಿಲು ಉಳಿದುಬಿಡುತ್ತಿತ್ತು. ಬೆನ್ನು ತಿರುಗಿಸಿ ನಿಂತಿದ್ದ ಗೆಳೆಯ, 'ಇದ್ಯಾವುದು? ಇದನ್ನು ಆಗ ಯಾಕೆ ಊದಲಿಲ್ಲ?' ಎಂದು ಕೇಳಿದ. ಬಿಲ್ ಮಾಡಿಸಿದೆ.

ಈಗ ಎರಡೂವರೆ ನಂಬರ್ ರೀಡ್ ಹೊಸದಾಗಿ ತರಿಸಬೇಕು. ಮೂರೂವರೆಯ ಡಬ್ಬಿ ಅರ್ಧಕ್ಕರ್ಧ ಹಾಗೇ ಉಳಿದಿದೆ. ಕಿರಿದು ಸಂದಿನವರು ಯಾರಾದರೂ ಇದ್ದರೆ ಹೇಳಿ.