ಹಿನೆಮೋವಾಳನ್ನು ಮರೆಯಬಾರದಿತ್ತು
ಮಾವೊರಿ, ಅಂದರೆ ನ್ಯೂಜಿಲೆಂಡಿನ ಮೂಲನಿವಾಸಿಗಳ, ನಡುವೆ ನಡೆಯುವ ಪ್ರೇಮಕಾದಂಬರಿ ಬರೆಯುವ ಬಗೆಗಿನ ಲೇಖನಕ್ಕೆ ಇದು ನನ್ನ ಪ್ರತಿಕ್ರಿಯೆ. ರಗ್ಬಿ ಆಟಗಾರನ ಪ್ರೇಮಕಥೆಗೆ ಹಾಕಾ ಎಂಬ ಅವರ ಸಾಂಪ್ರದಾಯಿಕ ಕುಣಿತ, ಮೈತುಂಬ ಹಚ್ಚೆ ಸೇರಿಸಿಬಿಟ್ಟರೆ ಅದು ಮಾವೊರಿ ಕಾದಂಬರಿ ಆಗುವುದಿಲ್ಲ ಎಂದು ಲೇಖಕರು ಬರೆದಿರುವುದು ನೂರಕ್ಕೆ ನೂರು ಸರಿ. ನ್ಯೂಜಿಲೆಂಡಿನ ರಗ್ಬಿ ತಂಡ ಆಲ್ ಬ್ಲ್ಯಾಕ್ಸ್‌ನ ಹಾಕಾವನ್ನು 1905ರ ಬ್ರಿಟನ್ ಪ್ರವಾಸದಿಂದಲೇ ಜಗತ್ತು ನೋಡುತ್ತಿದೆ. ಆದರೆ ಪ್ರಣಯದ ಮಾತು ಬಂದಾಗ ಲೇಖಕರು ಮಾವೊರಿ ಜನಪದ ಪ್ರೇಮಕಥೆಯ ನಾಯಕಿ ಹಿನೆಮೋವಾಳನ್ನೇ ಬಿಟ್ಟಿದ್ದಾರೆ!

ನ್ಯೂಜಿಲೆಂಡಿನ ರೊಟೊರುವಾ ಸರೋವರದ ನಡುವಿನ ಮೊಕೊಯಿಯಾ ದ್ವೀಪದಲ್ಲಿ ಅವಳ ಪ್ರಿಯಕರ ಟುಟಾನೆಕಾಯಿ ರಾತ್ರಿ ಕೊಳಲು ನುಡಿಸುತ್ತಾನೆ. ಹಿನೆಮೋವಾಳ ಮನೆಯವರು ದೋಣಿಗಳನ್ನೆಲ್ಲ ದಡಕ್ಕೆ ಎಳೆದಿಟ್ಟರೂ ಅವಳು ಆರು ಒಣ ಸೋರೆಬುರುಡೆಗಳನ್ನು ಕಟ್ಟಿಕೊಂಡು, ಆ ದನಿಯನ್ನೇ ಹಿಡಿದು ಕತ್ತಲಲ್ಲಿ ಈಜುತ್ತಾಳೆ. ದಡ ಸೇರಿ ಬಿಸಿನೀರಿನ ಬುಗ್ಗೆಯಲ್ಲಿ ಕುಳಿತು, ನೀರಿಗೆ ಬಂದ ಟುಟಾನೆಕಾಯಿಯ ಆಳು ತಂದ ಸೋರೆಬುರುಡೆಯ ಪಾತ್ರೆಯನ್ನು ಮತ್ತೆ ಮತ್ತೆ ಒಡೆದು, ಕೊನೆಗೆ ಟುಟಾನೆಕಾಯಿಯೇ ಎದ್ದು ಬರುವಂತೆ ಮಾಡುತ್ತಾಳೆ. ಇಂಥ ಕಥೆಯನ್ನು ತಲೆಮಾರುಗಳಿಂದ ಹೇಳಿಕೊಂಡು ಬಂದ ಜನರ ನಡುವೆ ಪ್ರೇಮಕಥೆ ಹೆಣೆದು, ನಾಯಕಿಯನ್ನು ಗ್ಯಾಲರಿಯಲ್ಲಿ ಚಪ್ಪಾಳೆ ತಟ್ಟಲು ಕೂರಿಸಿದರೆ ಹೇಗೆ?

ಕಾದಂಬರಿಯಲ್ಲಿ ಬರಲೇಬೇಕಾದ ಇನ್ನೊಂದು, ಹುಡುಗನ ಕಡೆಯವರ ಮರಾಯೆಗೆ, ಅಂದರೆ ಸಮುದಾಯದ ಸಭಾಂಗಳಕ್ಕೆ, ಹುಡುಗಿ ಮೊದಲ ಸಲ ಹೋಗುವ ಪ್ರಸಂಗ. ಅಲ್ಲಿನ ಹೆಂಗಸಿನ ಕರೆ ಕೇಳಿದ ಮೇಲೆಯೇ ಒಳಗೆ ಹೆಜ್ಜೆ. ಆಮೇಲೆ ಒಬ್ಬೊಬ್ಬರ ಜೊತೆಗೂ ಮೂಗಿಗೆ ಮೂಗು, ಹಣೆಗೆ ಹಣೆ ತಾಗಿಸಿ ಉಸಿರು ಹಂಚಿಕೊಳ್ಳುವ ಹೊಂಗಿ. ಪಂದ್ಯದ ಕೊನೆಯ ನಿಮಿಷಕ್ಕಿಂತ ನನಗೆ ಈ ಅಂಗಳವೇ ಬೇಕು. ದಯವಿಟ್ಟು ಇದನ್ನು ಎರಡು ಸಾಲಿನಲ್ಲಿ ಮುಗಿಸಬೇಡಿ.