ಬೇಕಾದದ್ದೊಂದನ್ನು ಬಿಟ್ಟು

ಟೋಕಿಯೊದ ಇಕೆಬುಕುರೊದಲ್ಲಿ ಅನಿಮೆ, ಅಂದರೆ ಜಪಾನಿ ಕಾರ್ಟೂನುಗಳ, ಅಂಗಡಿ ಹೊಕ್ಕರೆ, ಹಣ ಕೊಟ್ಟರೂ ಬೇಕಾದದ್ದನ್ನು ಕೊಳ್ಳುವಂತಿಲ್ಲ. ಪಾತ್ರಗಳ ಚಿತ್ರವಿರುವ ಬ್ಯಾಡ್ಜುಗಳು ಬಹುಪಾಲು ಒಳಗೇನಿದೆಯೆಂದು ಕಾಣದ ಪೊಟ್ಟಣದಲ್ಲಿ! ನನಗೆ ಸಿಗುವುದು ಯಾವಾಗಲೂ ಆ ಗಂಟುಮೋರೆಯ ಖಳನಾಯಕನೇ. ಯಾವ ಜನ್ಮದ ಋಣವೋ. ಗಾಚಾಪೊನ್ ಎಂಬ ಆಟಿಕೆ ಉದುರಿಸುವ ಯಂತ್ರಗಳದ್ದೂ ಇದೇ ಕಥೆ. 100 ಯೆನ್ನಿನ ನಾಣ್ಯಗಳನ್ನು ಮೂರೋ ನಾಲ್ಕೋ ತುರುಕಿ ಹಿಡಿ ತಿರುಗಿಸಬೇಕು, ಉರುಳಿ ಬಂದದ್ದನ್ನು ಪ್ರಸಾದದಂತೆ ಸ್ವೀಕರಿಸಬೇಕು. ಹತ್ತಿರದ ಉದ್ಯಾನದಲ್ಲಿ ಅಭಿಮಾನಿಗಳು ಬ್ಯಾಡ್ಜು ಹರವಿಕೊಂಡು ಅದಲುಬದಲು ಮಾಡಿಕೊಳ್ಳುತ್ತಾರೆ, ಬಹಳ ಶಿಸ್ತಾಗಿ. ಅಲ್ಲಿಯೂ ನನ್ನ ಖಳನಾಯಕನನ್ನು ಕೇಳುವವರಿಲ್ಲ. ಮುಖ ನೋಡಿ ಆರಿಸಿಕೊಳ್ಳಲು ಬಿಟ್ಟರೆ ಅಂಗಡಿಯವರ ಗಂಟೇನು ಹೋಗುತ್ತದೆ? ಹೋಗುತ್ತದೆ, ನಿಜ. ಜನಪ್ರಿಯ ಪಾತ್ರಗಳು ಬೇಗ ಖಾಲಿಯಾಗಿ ಉಳಿದವು ಕಪಾಟಿನಲ್ಲಿ ಧೂಳು ತಿನ್ನುತ್ತವೆ. ಆದರೆ ಆ ನಷ್ಟವನ್ನು ನನ್ನ ಜೇಬೇ ಏಕೆ ಹೊರಬೇಕು?