ನಾವು ಮತ ಹಾಕಲು ಹೋಗುವ ಶಾಲೆ

ಹೆಣ್ಣೂರಿನ ಕಡೆ, ನಮ್ಮ ಬಡಾವಣೆಯ ತುದಿಯಲ್ಲಿ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಿದೆ. ಆರು ವರ್ಷದಿಂದ ಅದರ ಮುಂದೆಯೇ ಓಡಾಡುತ್ತಿದ್ದೇನೆ. ಒಳಗೆ ಕಾಲಿಟ್ಟಿದ್ದು ಮಾತ್ರ ಎರಡೇ ಸಲ: 2023ರ ಮೇ 10ರಂದು ಒಮ್ಮೆ, 2024ರ ಏಪ್ರಿಲ್ 26ರಂದು ಇನ್ನೊಮ್ಮೆ. ಬೆರಳಿಗೆ ಶಾಯಿ ಹಾಕಿಸಿಕೊಂಡು, ಗೇಟಿನ ಹತ್ತಿರ ಫೋಟೊ ತೆಗೆಸಿಕೊಂಡು ಬಂದದ್ದು ಬಿಟ್ಟರೆ ಅದಕ್ಕೂ ನನಗೂ ಸಂಬಂಧವಿರಲಿಲ್ಲ. ನನ್ನ ಮಗ ಓದುವುದು ಖಾಸಗಿ ಶಾಲೆಯಲ್ಲಿ. ಯಾರಾದರೂ ಕೇಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ಮೂರನೆಯ ಸಲ ಹೋದದ್ದು ಕಳೆದ ನವೆಂಬರಿನಲ್ಲಿ, ಬೇರೆಯವರ ಮಗುವಿನ ಕೈ ಹಿಡಿದುಕೊಂಡು. ನಮ್ಮ ಪಕ್ಕದ ನಿವೇಶನದಲ್ಲಿ ಕಟ್ಟಡ ಏಳುತ್ತಿತ್ತು. ಕಾವಲಿಗೆ ಯಾದಗಿರಿ ಜಿಲ್ಲೆಯಿಂದ ಗುಳೆ ಬಂದ ಗಂಡ ಹೆಂಡತಿ; ವಾಸಕ್ಕೆ ತಗಡಿನ ಶೆಡ್ಡು. ಎಂಟು ವರ್ಷದ ಮಗಳು ದಿನವಿಡೀ ಮರಳಿನ ಗುಡ್ಡೆಯ ಮೇಲೆ ತಮ್ಮನನ್ನು ಆಡಿಸುತ್ತಾ ಕೂತಿರುತ್ತಿದ್ದಳು. ಶಾಲೆಗೆ ಯಾಕೆ ಕಳಿಸುತ್ತಿಲ್ಲ ಎಂದು ಕೇಳಿದೆ. “ಟಿಸಿ ಊರಿನಲ್ಲೇ ಉಳಿದಿದೆ ಅಣ್ಣಾ” ಎಂದಳು ತಾಯಿ. ಅರ್ಧ ವರ್ಷ ಕಳೆದ ಮೇಲೆ ಯಾರು ಸೇರಿಸಿಕೊಳ್ಳುತ್ತಾರೆ ಎಂಬುದು ಗಂಡನ ವಾದ. ಸುಳ್ಳೇಕೆ, ನಾನೂ ಹಾಗೆಯೇ ಅಂದುಕೊಂಡಿದ್ದೆ.

ಮುಖ್ಯ ಶಿಕ್ಷಕಿ ಟಿಸಿಯ ಮಾತನ್ನೇ ಎತ್ತಲಿಲ್ಲ. ಊರಿನ ಶಾಲೆ ಯಾವುದು, ಎಷ್ಟನೆಯ ತರಗತಿಯಲ್ಲಿದ್ದೆ, ಬೆಳಿಗ್ಗೆ ಏನು ತಿಂದೆ ಎಂದು ಹುಡುಗಿಯನ್ನೇ ವಿಚಾರಿಸಿದರು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಟಿಸಿ ತಡವಾಯಿತೆಂದೋ ವಯಸ್ಸಿನ ದಾಖಲೆ ಇಲ್ಲವೆಂದೋ ಮಗುವನ್ನು ವಾಪಸು ಕಳಿಸುವಂತಿಲ್ಲವಂತೆ. ದಿನಕ್ಕೆ ಎರಡು ಪತ್ರಿಕೆ ಓದುವ ನನಗೆ ಇದು ಗೊತ್ತಿರಲಿಲ್ಲ.

ಅವಳನ್ನು ಕೂರಿಸಿದ್ದು ನಲಿ-ಕಲಿ ಕೋಣೆಯಲ್ಲಿ. ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳೆಲ್ಲ ಅಲ್ಲಿ ಒಟ್ಟಿಗೇ ಇರುತ್ತಾರೆ. ಬೆಂಚುಗಳಿಲ್ಲ, ನೆಲದ ಮೇಲೆ ಗುಂಪು ಗುಂಪಾಗಿ ಕೂರುತ್ತಾರೆ. ಒಂದೊಂದು ಗುಂಪಿಗೂ ‘ತಟ್ಟೆ’ ಎಂದು ಹೆಸರು. ತಲೆಯ ಮೇಲೆ ದಾರಗಳ ಚಪ್ಪರ, ಅದರ ತುಂಬ ಮಕ್ಕಳು ಬಿಡಿಸಿದ ಚಿತ್ರಗಳು. ಗೋಡೆಯ ಬುಡದಲ್ಲಿ ಮಕ್ಕಳ ಎತ್ತರಕ್ಕೇ ಕಪ್ಪು ಹಲಗೆ. ಇನ್ನೊಂದು ಗೋಡೆಗೆ ಕಲಿಕಾ ಏಣಿ. ಮಗು ತಾನು ಯಾವ ಮೆಟ್ಟಿಲಿನಲ್ಲಿದ್ದೇನೆಂದು ನೋಡಿಕೊಂಡು, ಅದರ ಕಾರ್ಡು ಎತ್ತಿಕೊಂಡು ತನ್ನ ತಟ್ಟೆಗೆ ಹೋಗಿ ಕೂರಬೇಕು. ಇಲ್ಲಿ ಅಕ್ಷರ ಶುರುವಾಗುವುದು ಅ ಆ ಇ ಈ ಎಂದಲ್ಲ. ರ, ಗ, ಸ, ದ, ಅ.

ಬಾಗಿಲಲ್ಲಿ ನನ್ನ ಬೆರಳು ಬಿಡದೆ ನಿಂತಿದ್ದ ಹುಡುಗಿ ಆ ಏಣಿಯನ್ನು ಕಂಡದ್ದೇ ಕೈ ಬಿಡಿಸಿಕೊಂಡಳು. ನೇರ ಹೋಗಿ ಒಂದು ಕಾರ್ಡು ಎತ್ತಿ “ಗರಗಸ” ಎಂದು ಓದಿದಳು. ಅವಳ ಊರಿನ ಶಾಲೆಯ ಗೋಡೆಗೂ ಇದೇ ಏಣಿ! ಶಿಕ್ಷಕಿ ಇನ್ನೂ ನಾಲ್ಕು ಕಾರ್ಡು ಓದಿಸಿದರು. ಒತ್ತಕ್ಷರ ಬಂದಲ್ಲಿ ಹುಡುಗಿ ತಡವರಿಸಿದಳು. “ಸರಿ, ಇಲ್ಲಿಂದ ಹತ್ತೋಣ” ಎಂದು ಅವಳ ಹೆಸರನ್ನು ಪ್ರಗತಿ ನೋಟದಲ್ಲಿ, ಅಂದರೆ ಯಾವ ಮಗು ಎಲ್ಲಿಯವರೆಗೆ ಕಲಿತಿದೆ ಎಂದು ಗುರುತಿಸುವ ಪಟ್ಟಿಯಲ್ಲಿ, ಬರೆದುಕೊಂಡರು. ಹತ್ತು ನಿಮಿಷವೂ ಹಿಡಿಯಲಿಲ್ಲ.

ಈ ಪದ್ಧತಿ ಹುಟ್ಟಿದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, ಯುನಿಸೆಫ್ ನೆರವಿನಿಂದ. ಜ್ವರವೆಂದೋ ಸುಗ್ಗಿಯೆಂದೋ ತಪ್ಪಿಸಿಕೊಂಡ ಮಗು ತಿರುಗಿ ಬಂದಾಗ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು ಎಂಬುದು ಅದರ ಜಾಣತನ. ಕಾಡಂಚಿನ ಹಳ್ಳಿಗಳಲ್ಲಿ ಮಾಡಿದ ಏಣಿ ಬೆಂಗಳೂರಿನ ಕಟ್ಟಡ ಕಾರ್ಮಿಕರ ಮಕ್ಕಳಿಗೆ ಹೇಳಿ ಮಾಡಿಸಿದ ಹಾಗಿದೆ. ಆ ಕೋಣೆಯಲ್ಲಿ ತೆಲುಗಿನವರ ಮಕ್ಕಳಿದ್ದಾರೆ, ಬಿಹಾರದವರ ಮಕ್ಕಳಿದ್ದಾರೆ, ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರ ಮಕ್ಕಳಿದ್ದಾರೆ. ಬೆಳಿಗ್ಗೆ ಕ್ಷೀರಭಾಗ್ಯದ 150 ಮಿಲಿಲೀಟರ್ ಹಾಲು, ಮಧ್ಯಾಹ್ನ ಬಿಸಿಯೂಟ. 2024ರ ಸೆಪ್ಟೆಂಬರಿನಿಂದ ವಾರದ ಆರೂ ದಿನ ಮೊಟ್ಟೆ, ಬೇಡದವರಿಗೆ ಬಾಳೆಹಣ್ಣು. ಊಟದ ಆಸೆಗೆ ಬರುತ್ತಾರೆ ಎಂದು ಮೂಗು ಮುರಿಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಬರಲಿ. ನನ್ನ ಮಗನೂ ಡಬ್ಬಿಯಲ್ಲಿ ಏನಿದೆ ಎಂದು ನೋಡದೆ ಮನೆ ಬಿಡುವುದಿಲ್ಲ.

ನನ್ನ ತಕರಾರು ಇರುವುದು ತಲೆಯೆಣಿಕೆಯ ಬಗ್ಗೆ. ಕಿರಿಯ ಪ್ರಾಥಮಿಕ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61 ಆದರೆ ಮೂವರು ಎನ್ನುತ್ತದೆ ಅದೇ ಕಾಯ್ದೆ. ಐದು ತರಗತಿ, ಇಬ್ಬರು ಶಿಕ್ಷಕರು! ಈ ಶಾಲೆಯ ಹಾಜರಿ ಅರವತ್ತರ ಆಚೆ ಈಚೆ ತೂಗಾಡುತ್ತಲೇ ಇರುತ್ತದೆ. ಒಂದು ಕಟ್ಟಡಕ್ಕೆ ತಳಪಾಯ ಬಿದ್ದರೆ ನಾಲ್ಕು ಮಕ್ಕಳು ಬರುತ್ತಾರೆ, ಇನ್ನೊಂದರ ಗೃಹಪ್ರವೇಶವಾದರೆ ಮೂವರು ಹೋಗುತ್ತಾರೆ. ಯಾವುದೋ ಒಂದು ದಿನದ ಲೆಕ್ಕ ಹಿಡಿದು “ಮಕ್ಕಳೇ ಇಲ್ಲ, ಪಕ್ಕದ ಶಾಲೆಗೆ ಸೇರಿಸಿಬಿಡಿ” ಎನ್ನುವವರು ವರ್ಷದುದ್ದಕ್ಕೂ ಈ ಗೇಟಿನೊಳಗೆ ಬಂದು ಹೋದ ಮಕ್ಕಳನ್ನು ಎಣಿಸಿದ್ದಾರೆಯೇ? ಮೂರು ತಿಂಗಳು ಓದಿ ಹೋದ ಮಗು ಯಾವ ಫಲಿತಾಂಶದಲ್ಲೂ ಕಾಣುವುದಿಲ್ಲ. ಆದರೆ ಆ ಮೂರು ತಿಂಗಳು ಯಾರೋ ಅದಕ್ಕೆ ಒತ್ತಕ್ಷರ ಕಲಿಸಿರುತ್ತಾರೆ. ಪಕ್ಕದ ಶಾಲೆಯಂತೂ ಹೊರವರ್ತುಲ ರಸ್ತೆಯ ಆಚೆ ಇದೆ. ಎಂಟು ವರ್ಷದ ಹುಡುಗಿ ತಮ್ಮನನ್ನು ಸೊಂಟಕ್ಕೇರಿಸಿಕೊಂಡು ಆ ರಸ್ತೆ ದಾಟುವುದಿಲ್ಲ, ದಾಟಲೂ ಬಾರದು.

ಹೌದು, ತಮ್ಮನೂ ಬರುತ್ತಿದ್ದ. ನಿಯಮದಲ್ಲಿ ಇಲ್ಲ. ಮೇಡಂ ನೋಡಿಯೂ ನೋಡದಂತೆ ಇದ್ದರು. ಅವನು ಅಕ್ಕನ ತಟ್ಟೆಯ ಪಕ್ಕ ಮಲಗಿ ನಿದ್ದೆ ಮಾಡುತ್ತಿದ್ದ.

ಫೆಬ್ರುವರಿಯಲ್ಲಿ ಪಕ್ಕದ ಕಟ್ಟಡಕ್ಕೆ ಬಣ್ಣ ಹೊಡೆದರು, ಶೆಡ್ಡು ಬಿಚ್ಚಿದರು. ಸರ್ಜಾಪುರದ ಕಡೆ ಹೊಸ ಕೆಲಸ ಸಿಕ್ಕಿದೆಯೆಂದು ಒಂದು ಭಾನುವಾರ ಟೆಂಪೊ ಹತ್ತಿ ಹೋದರು. ಹಿಂದಿನ ದಿನ ಮೇಡಂ ಹುಡುಗಿಯ ನೋಟ್ ಪುಸ್ತಕದ ರಟ್ಟಿನ ಒಳಗೆ ಅವಳ ವಿದ್ಯಾರ್ಥಿ ಸಂಖ್ಯೆ, ಏಣಿಯಲ್ಲಿ ಮುಗಿಸಿದ ಮೈಲಿಗಲ್ಲು, ಶಾಲೆಯ ಫೋನ್ ನಂಬರ್ ಬರೆದು, ಅಳಿಸಿಹೋಗದಿರಲಿ ಎಂದು ಮೇಲೆ ಅಂಟುಪಟ್ಟಿ ಹಚ್ಚಿಕೊಟ್ಟಿದ್ದರು. ಈವರೆಗೆ ಯಾವ ಶಾಲೆಯಿಂದಲೂ ಫೋನ್ ಬಂದಿಲ್ಲ. ಮೊನ್ನೆ ಹೋಗಿ ಕೇಳಿದೆ.

ಸರ್ಜಾಪುರ, ದೊಮ್ಮಸಂದ್ರದ ಕಡೆ ಇರುವ ಗೆಳೆಯರೇ, ನಿಮ್ಮ ಪಕ್ಕದ ಕಟ್ಟಡದ ಮರಳಿನ ಗುಡ್ಡೆಯ ಮೇಲೆ ಶಾಲೆಯ ಹೊತ್ತಿನಲ್ಲಿ ಮಕ್ಕಳು ಕೂತಿದ್ದರೆ ಒಂದು ಗಳಿಗೆ ನಿಂತು ಮಾತಾಡಿಸಿ. ಹತ್ತಿರದ ಸರ್ಕಾರಿ ಶಾಲೆಗೆ ಕರೆದುಕೊಂಡು ಹೋಗಿ. ಟಿಸಿ ಬೇಕಿಲ್ಲ. ನೀವು ಮತ ಹಾಕಲು ಹೋದ ಶಾಲೆಯೇ ಇರಬಹುದು, ದಾರಿ ನಿಮಗೆ ಗೊತ್ತಿರುತ್ತದೆ.